ಹತ್ತುಮೀನಿನ ದಾರಿ
ತುಂಗಾ ನದಿಯ ಮೀನುಗಳ ಸಂತಾನರಕ್ಷಣೆಯ ವಿಚಾರ

ಮೃಗಶಿರಾ ಮಳೆ ಹಿಡಿದು ಹಳ್ಳಕೊಳ್ಳಗಳಲ್ಲಿ ಹೊಸನೀರು ಇಳಿಯತೊಡಗಿದ ಕೂಡಲೆ ಹೊಳೆಯ ಮೀನುಗಳು ಸೆಳವಿಗೆ ಎದುರಾಗಿ ಮೇಲಕ್ಕೆ ಹೊರಡುವುದನ್ನು ಮಲೆನಾಡಿನವರೆಲ್ಲರೂ ಬಲ್ಲರು. ಇವಕ್ಕೆ ಹತ್ತುಮೀನೆಂದು ಹೆಸರು. ರಾತ್ರಿ ದೀಪ ಹಿಡಿದು, ಹಳ್ಳಕ್ಕೆ ಅಡ್ಡಲಾಗಿ ಕೂಣಿಯನ್ನಿಟ್ಟು ಇವನ್ನು ಹಿಡಿಯುವುದು ಬಹುಕಾಲದ ರೂಢಿ. ಆದರೆ ಮೀನು ಏತಕ್ಕಾಗಿ ಹತ್ತುತ್ತದೆಂಬುದನ್ನು ವಿಚಾರಿಸುವವರು ವಿರಳ. ಹತ್ತುವ ಮೀನಿನ ಹೊಟ್ಟೆಯಲ್ಲಿರುವುದು ತತ್ತಿ. ಕಣಜದೊಳಗಿನ ಬೀಜದ ಭತ್ತವನ್ನೇ ಕುಟ್ಟಿಸಿ ಉಣ್ಣುವ ಒಕ್ಕಲನ್ನು ಊರಿನವರು ವಿವೇಕಿಯೆಂದು ಕರೆಯರು. ಹತ್ತುಮೀನನ್ನು ಒಂದೂ ಬಿಡದೆ ಬಾಚುವುದೂ ಅದೇ ಬಗೆಯ ಕೆಲಸವಾಗಿದೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿರುವ ಗಾಜನೂರಿನ ಸುತ್ತಣ ಗ್ರಾಮಗಳಿಗೆ ಈ ವಿಷಯವು ವಿಶೇಷವಾಗಿ ಸಂಬಂಧಿಸಿದ್ದು. ತುಂಗೆಗೆ ಮೊದಲು ಇಲ್ಲಿ ಅಣೆಕಟ್ಟು ಕಟ್ಟಿದ್ದು 1950ರ ದಶಕದಲ್ಲಿ. ಅನಂತರ ತುಂಗಾ ಮೇಲ್ದಂಡೆ ಯೋಜನೆಯಲ್ಲಿ ಅದರ ಕೆಳಗಡೆಯಲ್ಲಿಯೇ ಹೆಚ್ಚು ಎತ್ತರದ ಅಣೆಕಟ್ಟು ಎದ್ದು, ಹಳೆಯದು ಹಿನ್ನೀರಿನಲ್ಲಿ ಮುಳುಗಿತು. ಶಿವಮೊಗ್ಗ, ದಾವಣಗೆರೆ, ಹಾವೇರಿ ಜಿಲ್ಲೆಗಳ ಬೆಳೆಗೆ ಇದರಿಂದ ಆಗಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೀನಿಗೆ ಇದು ಗೋಡೆ. ಕವಾಟಗಳು ತೆರೆದಿರುವಾಗಲೂ ಆ ರಭಸವನ್ನು ಈಜಿ ಮೇಲೇರುವುದು ದುಸ್ತರ. ಕೂಡಲಿಯಿಂದ ಭದ್ರೆಯ ಕಡೆಗೆ ತಿರುಗಿದ ಮೀನಿಗೂ ಲಕ್ಕವಳ್ಳಿಯಲ್ಲಿ ಅಡ್ಡಗಟ್ಟೆಯುಂಟು. ಹೀಗಾಗಿ ಗಾಜನೂರಿನ ಮೇಲಣ ಮೀನು ಮಂಡಗದ್ದೆ, ತೀರ್ಥಹಳ್ಳಿ, ಶೃಂಗೇರಿಗಳ ವರೆಗಿನ ಹೊಳೆಯನ್ನೂ ಅದಕ್ಕೆ ಕೂಡುವ ಹಳ್ಳಗಳನ್ನೂ ನೆಚ್ಚಿಯೇ ವಂಶವನ್ನು ಉಳಿಸಿಕೊಳ್ಳಬೇಕಾಗಿದೆ.

ಅನ್ಯದೇಶಗಳಲ್ಲಿಯೂ ಇದೇ ಪ್ರಶ್ನೆ ಉಂಟಾಗಿದೆ. ಸಮುದ್ರದಿಂದ ನದಿಗೆ ಹತ್ತಿ ಬರುವ ಸಾಲ್ಮನ್ ಮೀನಿಗಾಗಿ ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಕೆಡವಲಾಯಿತು. ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ತೆಗೆಯುವ ಕೆಲಸ 2024ರಲ್ಲಿ ಮುಗಿದು, ಆ ವರ್ಷದ ಶರತ್ಕಾಲದಲ್ಲಿಯೇ ಸಾಲ್ಮನ್ ಮೇಲಕ್ಕೆ ಹೋದವು. ಗಾಜನೂರಿನ ನೀರನ್ನು ನಂಬಿದ ಗದ್ದೆತೋಟಗಳಿರುವಾಗ ಇಲ್ಲಿ ಅಂಥ ಮಾತಿಗೆ ಎಡೆಯಿಲ್ಲ. ಆ ಕಾರಣದಿಂದಲೇ ಅಣೆಕಟ್ಟಿನ ಮೇಲಣ ಹಳ್ಳಗಳಿಗೆ ಬೆಲೆ ಹೆಚ್ಚು. ಅವುಗಳ ದಡವಿರುವುದು ಬಹುಮಟ್ಟಿಗೆ ಹಿಡುವಳಿದಾರರ ಕೈಯಲ್ಲಿ.

ತುಂಗೆಯ ಮೀನುಗಳಲ್ಲಿ ಮಹಶೀರ್ ಹಿರಿಯದು. ಶೃಂಗೇರಿಯ ಸೋಪಾನದಲ್ಲಿಯೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿಯೂ ಜನರು ದೇವರ ಮೀನೆಂದು ಅಕ್ಕಿ ಎರಚುವುದು ಇದಕ್ಕೇ. ಇದರ ಹೆಣ್ಣು ಪ್ರಾಯಕ್ಕೆ ಬರಲು ಕೆಲವು ವರ್ಷಗಳು ಬೇಕು. ದೇಹದ ತೂಕಕ್ಕೆ ಹೋಲಿಸಿದರೆ ಕಾಟ್ಲ, ರೋಹುಗಳಷ್ಟು ತತ್ತಿಯನ್ನು ಇದು ಇಡುವುದಿಲ್ಲ. ಇಡುವುದನ್ನೂ ಒಂದೇ ಸಲ ಇಡದೆ ಮಳೆಗಾಲದಲ್ಲಿ ಹಲವು ಸಲಕ್ಕೆ ಹಂಚಿ ಇಡುತ್ತದೆ. ತತ್ತಿಯು ನೀರಿನ ತಳಕ್ಕೆ ಇಳಿದು ನುರುಜುಗಲ್ಲುಗಳ ಸಂದಿನಲ್ಲಿ ನಿಲ್ಲುತ್ತದೆ. ಸುಮಾರು ಮೂರು ದಿನಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿಯು ಈಜಲಾರದೆ, ಬೆಳಕಿಗೆ ಅಂಜಿ, ಹೊಟ್ಟೆಗಂಟಿದ ಭಂಡಾರ ಕರಗುವ ತನಕ ಅದೇ ಸಂದಿನಲ್ಲಿ ಅಡಗಿರುತ್ತದೆ. ಇಷ್ಟು ಕಾಲವೂ ಕಲ್ಲುಗಳ ನಡುವೆ ತಿಳಿನೀರು ಹರಿಯುತ್ತಿರಬೇಕು. ಮೇಲೆ ಒಂದು ಪದರ ಗೋಡುಮಣ್ಣು ಕುಳಿತರೆ ತತ್ತಿಯು ಉಸಿರುಕಟ್ಟಿ ಸಾಯುವುದು. ಹಿನ್ನೀರಿನ ತಳದಲ್ಲಿ ಇದು ಸಂತಾನ ಮಾಡದಿರುವುದಕ್ಕೆ ಮುಖ್ಯ ಕಾರಣವೇ ಇದು.

ಆ ಗೋಡುಮಣ್ಣು ಎಲ್ಲಿಂದ ಬರುತ್ತದೆ? ಇಳಿಜಾರಿನ ಭೂಮಿಯನ್ನು ಶುಂಠಿಗೆ ಗುತ್ತಿಗೆ ಕೊಟ್ಟು, ಮಡಿಯ ಸಾಲುಗಳನ್ನು ಇಳಿಜಾರಿನುದ್ದಕ್ಕೂ ತೆಗೆಯಿಸಿದ ಕಡೆ, ಮೊದಲ ದೊಡ್ಡ ಮಳೆಗೆ ಹಳ್ಳದಲ್ಲಿ ಇಳಿಯುವುದು ಅದೇ ಹೊಲದ ಮೇಲ್ಮಣ್ಣು. ಗುತ್ತಿಗೆದಾರನು ಬೆಳೆ ಕಿತ್ತು ಮುಂದಿನ ಊರಿಗೆ ಹೋಗುವನು. ಮಣ್ಣು ಕಳೆದುಕೊಂಡವನು ಭೂಮಿಯ ಒಡೆಯನು. ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ ತೆಗೆಯತಕ್ಕದ್ದೆಂಬ ಷರತ್ತನ್ನು ಗುತ್ತಿಗೆಯ ಕರಾರಿನಲ್ಲಿಯೇ ಬರೆಯಿಸುವುದು ಮೇಲು. ಹಳ್ಳದ ಅಂಚಿನ ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆಗಳನ್ನು ಕಡಿದು ನಾಲ್ಕು ಅಡಕೆ ಸಸಿ ಹೆಚ್ಚು ನೆಡುವುದರಲ್ಲಿಯೂ ಲಾಭವಿಲ್ಲ. ಬೇರು ಹೋದ ದಡ ಕುಸಿದಾಗ ಆ ನಾಲ್ಕರ ಜೊತೆಗೆ ಹಿಂದಿನ ಸಾಲೂ ಹೋಗುವುದು. ಉದುರಿದ ಅತ್ತಿಯ ಹಣ್ಣಂತೂ ಮಹಶೀರಿಗೆ ಬಲು ಪ್ರಿಯವಾದ ಆಹಾರ.

ತೋಟದ ಯಜಮಾನರು ಯೋಚಿಸತಕ್ಕ ಇನ್ನೊಂದು ಸಂಗತಿಯುಂಟು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಯುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿನಲ್ಲಿ ಬಳಕೆಗೆ ತಂದರು. ಅದು ಉಳಿಸಿದ ತೋಟಗಳಿಗೆ ಲೆಕ್ಕವಿಲ್ಲ. ಆದರೆ ಅದನ್ನು ಹೊಡೆಯುವ ಕಾಲವೂ ಮೀನು ತತ್ತಿಯಿಡುವ ಕಾಲವೂ ಒಂದೇ ಆಗಿದೆ. ನೀರಿನಲ್ಲಿ ಕರಗಿದ ತಾಮ್ರವು ಬಹು ಅಲ್ಪವಾದರೂ ಮೀನಿನ ಕಿವಿರನ್ನು ಕೆಡಿಸುತ್ತದೆ, ಮರಿಗಳಿಗಂತೂ ಮಾರಕ. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಎಂಬ ಪ್ರಮಾಣವುಂಟಷ್ಟೆ. ಸುಣ್ಣ ಹಳತಾಗಿದ್ದರೆ ಅಥವಾ ಕಡಿಮೆ ಬಿದ್ದರೆ ತಾಮ್ರವು ಬಿಡಿಯಾಗಿ ಉಳಿದು ಗೊನೆಯನ್ನೂ ಸುಡುವುದು, ಹಳ್ಳವನ್ನೂ ಕೆಡಿಸುವುದು. ಪೀಪಾಯಿ ಮತ್ತು ಪಂಪುಗಳನ್ನು ಹಳ್ಳದಲ್ಲಿ ಅದ್ದಿ ತೊಳೆಯುವ ಅಭ್ಯಾಸವನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ತೊಳೆದ ನೀರಿಗೆ ಹಳ್ಳದಿಂದ ದೂರದಲ್ಲಿ ಒಂದು ಗುಂಡಿ ತೋಡಿಸಿದರೆ ಅರ್ಧ ದಿನದ ಆಳಿನ ಖರ್ಚು ಮಾತ್ರ.

ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುವುದು, ಈಚೆಗೆ ಕೀಟನಾಶಕವನ್ನೇ ಸುರಿಯುವುದು, ಸಿಡಿಮದ್ದು ಹಾಕುವುದು ಇವೆಲ್ಲವೂ ಅಪರಾಧಗಳು. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ವಿಷಪ್ರಯೋಗವನ್ನೂ ಸ್ಫೋಟಕವನ್ನೂ ನಿಷೇಧಿಸಿತು. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯಿದೆಯಲ್ಲಿಯೂ ಈ ನಿಷೇಧವುಂಟು. ದೇವಾಲಯದ ಆಶ್ರಯವೊಂದೇ ಸಾಲದೆಂಬುದಕ್ಕೆ ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ಕಪಿಲಾ ನದಿಗೆ ವಿಷ ಬೆರೆಸಿದ ದುಷ್ಕರ್ಮವೇ ನಿದರ್ಶನ. ಸಾವಿರಾರು ಮೀನುಗಳು ಸತ್ತು ತೇಲಿದವು.

ಮೀನು ಕಡಿಮೆಯಾದರೆ ಬೇರೆಡೆಯಿಂದ ಮರಿ ತಂದು ಬಿಟ್ಟರಾಯಿತೆಂದು ಕೆಲವರು ಹೇಳುವುದುಂಟು. ಕಾವೇರಿಯಲ್ಲಿ ಹಾಗೆ ಮಾಡಿ ನೋಡಲಾಗಿದೆ. ಲೋನಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳು ಅಲ್ಲಿ ಹಬ್ಬಿ, ಆ ನದಿಗೇ ಸ್ವಂತವಾದ ಗೂನುಬೆನ್ನಿನ ಮಹಶೀರ್ ಹಿಂದೆ ಸರಿದು, 2018ರಲ್ಲಿ ತೀವ್ರ ವಿನಾಶದ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿತು. ಮೀನುಗಾರಿಕೆ ಇಲಾಖೆಯ ತಜ್ಞರ ಒಪ್ಪಿಗೆಯಿಲ್ಲದೆ ಹೊಳೆಗೆ ಯಾವ ಮರಿಯನ್ನೂ ಬಿಡಕೂಡದು.

ಕೂಣಿಯನ್ನು ಪೂರ್ತಿಯಾಗಿ ನಿಲ್ಲಿಸಿರೆಂದರೆ ಊರಿನವರು ಒಪ್ಪುವುದು ಕಷ್ಟ. ಒಪ್ಪಿದಂತೆ ತೋರಿದರೂ ಕತ್ತಲೆಯಲ್ಲಿ ಮುರಿಯುವರು. ನಡೆಯಬಲ್ಲ ಕಟ್ಟುಪಾಡು ಬೇರೆ. ಮೃಗಶಿರಾ, ಆರಿದ್ರಾ ಮಳೆಗಳ ಮೊದಲ ಏರುಗಳಲ್ಲಿ ಕೂಣಿ ಇಡದಿರುವುದು, ಅನಂತರವೂ ಹಳ್ಳದ ಅಗಲದಲ್ಲಿ ಅರ್ಧವನ್ನು ತೆರೆದೇ ಬಿಡುವುದು, ನುರುಜುಗಲ್ಲಿನ ಹಾಸನ್ನು ಮಳೆಗಾಲ ಕಳೆಯುವವರೆಗೆ ತುಳಿಯದೆ, ಅಲ್ಲಿಂದ ಮರಳು ತೆಗೆಯದೆ ಇರುವುದು. ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇಂಥ ಹಾಸುಗಳನ್ನು ಗುರುತಿಸಿ ದಾಖಲೆಯಲ್ಲಿ ಬರೆಯಿಸಬಹುದು. 2002ರ ಜೀವವೈವಿಧ್ಯ ಕಾಯಿದೆಯಲ್ಲಿ ಇದಕ್ಕೆ ಅವಕಾಶವಿದೆ.

ಬೇಸಿಗೆಯಲ್ಲಿ ನೀರಿಗಾಗಿ ಕಟ್ಟಿದ ಮಣ್ಣಿನ ಒಡ್ಡುಗಳನ್ನು ರೋಹಿಣಿ ಮಳೆಯೊಳಗೆ ಬಿಚ್ಚಿಸಿ, ಆ ಮಣ್ಣನ್ನು ನೀರಿಗೆ ತಳ್ಳದೆ ದಡಕ್ಕೆ ಎತ್ತಿಸತಕ್ಕದ್ದು. ರಸ್ತೆಯ ಮೋರಿಗಳ ಕೆಳಮುಖದಲ್ಲಿ ನೀರು ಕೊರೆದು ಮೊಣಕಾಲೆತ್ತರದ ಧುಮುಕಾಗಿರುವ ಸ್ಥಳಗಳು ಅನೇಕವಿರುತ್ತವೆ. ಸಣ್ಣ ಮೀನಿಗೆ ಅದೇ ಗಾಜನೂರಿನ ಕಟ್ಟೆ. ಅಲ್ಲಿ ದೊಡ್ಡ ಕಲ್ಲುಗಳನ್ನು ಗೇಣು ಗೇಣು ಎತ್ತರದ ಮೆಟ್ಟಿಲಾಗಿ ಜೋಡಿಸಿ, ಪ್ರತಿ ಮೆಟ್ಟಿಲ ಕೆಳಗೂ ಒಂದು ಪುಟ್ಟ ಗುಂಡಿ ನಿಲ್ಲುವಂತೆ ಮಾಡಿಸಿದರೆ ಮೀನು ಹಾರಿ ಹತ್ತುವುದು. ಮೆಟ್ಟಿಲುಗಳು ಮೋರಿಯ ಬಾಯನ್ನು ಕಟ್ಟದಂತೆ, ನೀರಿನ ಮುಖ್ಯ ಸೆಳವು ನಡುವೆಯೇ ಬೀಳುವಂತೆ ನೋಡಿಕೊಳ್ಳಬೇಕು. ಈ ಕೆಲಸವನ್ನು ಹಳ್ಳ ಬತ್ತಿರುವ ಚೈತ್ರ ವೈಶಾಖಗಳಲ್ಲಿಯೇ ಮುಗಿಸುವುದು ಅನುಕೂಲ.