ಪಟ್ಟಿ ಕಟ್ಟಿ ಮಾಡುವ ವ್ಯಾಯಾಮ: ಏನು, ಯಾರಿಗೆ, ಯಾರಿಗೆ ಬೇಡ?

ಬೈಕಿನಿಂದ ಬಿದ್ದು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡವರು, ಮಂಡಿ ಬದಲಿಸಿಕೊಂಡ ಹಿರಿಯರು ನಾಗರಬಾವಿಯ ಬೀದಿಗಳಲ್ಲೂ ಇದ್ದಾರೆ. ಆಪರೇಷನ್ ಚೆನ್ನಾಗಿ ಆಯ್ತು, ಹೊಲಿಗೆ ಬಿಚ್ಚಿದ್ದೂ ಆಯ್ತು, ಆದರೂ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಅಂತಾರೆ. ಯಾಕೆ? ಕೆಲವೇ ವಾರ ಓಡಾಟ ನಿಂತರೂ ತೊಡೆಯ ಸ್ನಾಯು ಸೊರಗುತ್ತದೆ. ಆಟೋ ಓಡಿಸುವವರಿಗೆ, ಮನೆಗೆಲಸಕ್ಕೆ ಹೋಗುವವರಿಗೆ ಕಾಲಿನ ಶಕ್ತಿ ಎಂದರೆ ದಿನದ ಸಂಪಾದನೆ.

ಸ್ನಾಯು ಬಲವಾಗಲು ಸಾಮಾನ್ಯವಾಗಿ ನಾವು ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಶೇ. 70ರಷ್ಟನ್ನು ಎತ್ತಬೇಕು. ಹೊಸದಾಗಿ ಆಪರೇಷನ್ ಆದ ಮಂಡಿ ಅದನ್ನು ತಾಳದು. ಇಂಥವರಿಗಾಗಿ ಇರುವ ಒಂದು ವಿಧಾನವೇ ರಕ್ತಸಂಚಾರ ತಗ್ಗಿಸಿ ಮಾಡುವ ವ್ಯಾಯಾಮ.

ಹೇಗೆ ಮಾಡ್ತಾರೆ?

ಬಿ.ಪಿ. ನೋಡುವ ಪಟ್ಟಿಯಂಥ ಅಗಲವಾದ ಪಟ್ಟಿಯನ್ನು ತೊಡೆಯ ಅಥವಾ ತೋಳಿನ ಮೇಲ್ಭಾಗಕ್ಕೆ ಕಟ್ಟಿ ಗಾಳಿ ತುಂಬುತ್ತಾರೆ. ಒಳಬರುವ ರಕ್ತ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ; ಹೊರಹೋಗುವ ರಕ್ತಕ್ಕೆ ಹೆಚ್ಚು ತಡೆ. ಆಮ್ಲಜನಕ ಸಾಲದೆ ಸ್ನಾಯು ಬೇಗ ದಣಿಯುತ್ತದೆ, ದೊಡ್ಡ ಭಾರ ಎತ್ತಿದಂತೆಯೇ ಶ್ರಮಪಡುತ್ತದೆ. ಆದ್ದರಿಂದ ಶೇ. 20ರಿಂದ 30ರಷ್ಟು ಭಾರವೇ ಸಾಕು. ಸಾಮಾನ್ಯ ಲೆಕ್ಕ: ಮೊದಲು 30 ಸಲ, ನಂತರ 15ರಂತೆ ಮೂರು ಸುತ್ತು, ನಡುವೆ ಸುಮಾರು 30 ಸೆಕೆಂಡ್ ವಿರಾಮ. ಒಟ್ಟು 75 ಸಲ. ವಾರಕ್ಕೆ 2-3 ದಿನ.

ಈ ವಿಧಾನ ಹುಟ್ಟಿದ್ದು ಜಪಾನಿನಲ್ಲಿ. 1966ರಲ್ಲಿ ಯೋಶಿಯಾಕಿ ಸಾಟೊ ಎಂಬ ಯುವಕ ಪ್ರಾರ್ಥನೆಯೊಂದರಲ್ಲಿ ಬಹಳ ಹೊತ್ತು ಮಂಡಿಯೂರಿ ಕುಳಿತಾಗ ಮೀನಖಂಡ ಜೋಮು ಹಿಡಿದು ಬಿಗಿಯಾಯಿತು. ಕಷ್ಟಪಟ್ಟು ವ್ಯಾಯಾಮ ಮಾಡಿದಾಗಲೂ ಹೀಗೇ ಆಗುತ್ತಲ್ಲ ಎಂದು ಅವರಿಗೆ ಹೊಳೆಯಿತು. ಸೈಕಲ್ ಟ್ಯೂಬು, ಹಗ್ಗ ಕಟ್ಟಿಕೊಂಡು ತಮ್ಮ ಮೇಲೆಯೇ ಪ್ರಯೋಗ ಮಾಡಿದರು. ಅತಿಯಾಗಿ ಬಿಗಿದ ಕಾಲದಲ್ಲಿ ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಸೇರಿ ಅವರೇ ಆಸ್ಪತ್ರೆ ಸೇರಬೇಕಾಯಿತು. ನಮಗೆ ಇಲ್ಲೇ ಪಾಠವಿದೆ.

ಮನೆಯಲ್ಲಿ ನೀವೇ ಕಟ್ಟಿಕೊಳ್ಳಬೇಡಿ

ಮೊಬೈಲಿನಲ್ಲಿ ವೀಡಿಯೊ ನೋಡಿ ಬೆಲ್ಟೋ, ಟ್ಯೂಬೋ, ದುಪ್ಪಟ್ಟಾನೋ ಬಿಗಿಯುವವರಿಗೆ ಒತ್ತಡ ಎಷ್ಟೆಂದು ತಿಳಿಯುವುದಿಲ್ಲ. ತಿಳಿದವರು ಮೊದಲು ಆ ಕಾಲಿನ ರಕ್ತ ಪೂರ್ತಿ ನಿಲ್ಲುವ ಒತ್ತಡ ಎಷ್ಟೆಂದು ಅಳೆದು, ಅದರ ಶೇ. 40ರಿಂದ 80ರೊಳಗೆ ಮಾತ್ರ ಇಡುತ್ತಾರೆ. ಕಿರಿದಾದ ದಾರ, ಹಗ್ಗ ನರಕ್ಕೆ ಪೆಟ್ಟು ಮಾಡಬಹುದು.

ಇವರು ವೈದ್ಯರ ಒಪ್ಪಿಗೆ ಇಲ್ಲದೆ ಮಾಡಲೇಬಾರದು:

1. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು
2. ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಹೃದ್ರೋಗಿಗಳು
3. ಗರ್ಭಿಣಿಯರು
4. ಉಬ್ಬಿದ ರಕ್ತನಾಳ ಇರುವವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರು
5. ಗಾಯ ಇನ್ನೂ ಮಾಯದವರು

ಫಿಸಿಯೋಥೆರಪಿಗೆ ಹೋದಾಗ ಸಂಕೋಚ ಬಿಟ್ಟು ಕೇಳಿ: ಇದರ ತರಬೇತಿ ನಿಮಗಿದೆಯೇ? ನನ್ನ ಕಾಲಿನ ಒತ್ತಡ ಅಳೆದಿರಾ? ನನಗೆ ಇದು ನಿಜವಾಗಿ ಬೇಕೇ? ಎಷ್ಟೋ ಜನಕ್ಕೆ ಸಾದಾ ವ್ಯಾಯಾಮವೇ ಸಾಕಾಗುತ್ತದೆ.

ವ್ಯಾಯಾಮದ ವೇಳೆ ಕಾಲು ಉರಿಯುವುದು, ಮರುದಿನ ಮೈಕೈ ನೋವು ಸಹಜ. ಜೋಮು ಹಿಡಿದರೆ, ಕಾಲು ತಣ್ಣಗಾದರೆ ಪಟ್ಟಿ ಬಿಚ್ಚಿಸಿ. ನಂತರ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ದಿಢೀರನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.