ಇಲಿಯ ಹಲ್ಲು ಹೇಳುವ ವಂಶಚರಿತ್ರೆ

ಅಟ್ಟದ ಮೇಲಿನ ಅಕ್ಕಿಯ ಚೀಲವನ್ನು ಕೊರೆಯುವ ಇಲಿಯನ್ನು ನಾವೆಲ್ಲರೂ ಬಲ್ಲೆವು. ಅದರ ಹಲ್ಲನ್ನು ಪರೀಕ್ಷಿಸಿ ನೋಡಿದವರು ಮಾತ್ರ ವಿರಳ. ಇಲಿಯ ಬಾಚಿಹಲ್ಲುಗಳು ಸಾಯುವತನಕ ಬೆಳೆಯುತ್ತಲೇ ಇರುವುವು. ಗಟ್ಟಿಯಾದ ಎನಾಮಲು ಮುಂಭಾಗದಲ್ಲಿ ಮಾತ್ರ ಇರುವುದರಿಂದ ಹಿಂಭಾಗವು ಬೇಗನೆ ಸವೆದು, ಹಲ್ಲಿನ ತುದಿಯು ಬಡಗಿಯ ಉಳಿಯಂತೆ ಸದಾ ಹರಿತವಾಗಿರುವುದು. ಇಂತಹ ಹಲ್ಲುಳ್ಳ ಇಲಿ, ಅಳಿಲು, ಮುಳ್ಳುಹಂದಿ ಮೊದಲಾದವನ್ನು ಪ್ರಾಣಿಶಾಸ್ತ್ರಜ್ಞರು ದಂಶಕಗಳೆಂಬ ಒಂದೇ ಗಣದಲ್ಲಿ ಸೇರಿಸಿರುವರು.

ಗಣವನ್ನು ತಿಳಿಸುವುದು ಬಾಚಿಹಲ್ಲಾದರೆ ಒಳಗಿನ ಕುಲಭೇದಗಳನ್ನು ತಿಳಿಸುವುದು ದವಡೆಹಲ್ಲು. ಇಲಿಯ ಮೇಲ್ದವಡೆಯ ಹಲ್ಲಿನ ಮೇಲೆ ಸಣ್ಣ ದಿಬ್ಬಗಳು ಮೂರು ಸಾಲಾಗಿ ನಿಂತಿರುವುವು. ಅದರ ದಾಯಾದಿಯಾದ ಹ್ಯಾಮ್‌ಸ್ಟರಿಗೆ ಎರಡೇ ಸಾಲು. ಹಾಗಾದರೆ ಮೂರನೆಯ ಸಾಲು ಎಲ್ಲಿಂದ ಬಂದಿತು?

ಇದಕ್ಕೆ ಉತ್ತರವು ಪಾಕಿಸ್ತಾನದ ಪೊಟವಾರ್ ಪ್ರಸ್ಥಭೂಮಿಯ ಶಿವಾಲಿಕ್ ಸ್ತರಗಳಲ್ಲಿ ದೊರೆಯಿತು. ಅಲ್ಲಿಯ ಮಣ್ಣನ್ನು ನೀರಿನಲ್ಲಿ ನೆನೆಸಿ, ಅಕ್ಕಿಯನ್ನು ಜಾಲಿಸುವಂತೆ ಜರಡಿಯಲ್ಲಿ ಜಾಲಿಸಿ, ಉಳಿದುದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಆರಿಸಿದಾಗ ಸುಮಾರು 2 ಮಿಲಿಮೀಟರ್ ಉದ್ದದ ಶಿಲೀಭೂತ ಹಲ್ಲುಗಳು ಸಿಕ್ಕಿದುವು. ಅವುಗಳಲ್ಲಿ ಒಂದು ಜಾತಿಗೆ 1977ರಲ್ಲಿ ಲೂಯಿಸ್ ಜೇಕಬ್ಸ್ ಎಂಬ ವಿದ್ವಾಂಸರು ಆಂಟೆಮಸ್ ಎಂದು ಹೆಸರಿಟ್ಟರು. ಅದು ಬದುಕಿದ್ದುದು ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದೆ. ಅದರ ಹಲ್ಲಿನ ಒಳಬದಿಯಲ್ಲಿ ಹೊಸ ದಿಬ್ಬಗಳು ಮೂಡಿವೆ. ಆದರೆ ನೆರೆಯ ದಿಬ್ಬಗಳೊಡನೆ ಇನ್ನೂ ಕೂಡಿಕೊಂಡಿಲ್ಲ. ಅದಕ್ಕೂ ಮೇಲಣ ಸ್ತರಗಳಲ್ಲಿ ದೊರೆತ ಪ್ರೋಗೋನೊಮಿಸ್ ಎಂಬುದರಲ್ಲಿ ಅವು ಕೂಡಿ, ಬಾಗಿದ ಏಣುಗಳಾಗಿವೆ. ಹೀಗೆ ಕೆಳಗಿನ ಸ್ತರದಿಂದ ಮೇಲಕ್ಕೆ ಬಂದಂತೆ ವಿಕಾಸದ ಒಂದೊಂದು ಮೆಟ್ಟಿಲೂ ನಮ್ಮ ಕಣ್ಣಿಗೆ ಕಾಣುವುದು.

ಆದರೂ ಹಲ್ಲಿನ ಬರಹವನ್ನು ಓದುವುದರಲ್ಲಿ ತಪ್ಪುವುದುಂಟು. ಸುಮಾರು 1 ಕೋಟಿ 20 ಲಕ್ಷ ವರ್ಷಗಳ ಹಿಂದೆ ಚಿಕ್ಕ ಸುಂಡಿಲಿಯ ವಂಶವೂ ದೊಡ್ಡ ಇಲಿಯ ವಂಶವೂ ಕವಲೊಡೆದುವೆಂದು ಈ ಹಲ್ಲುಗಳಿಂದ ಊಹಿಸಿದ್ದರು. ಇತರ ಪ್ರಾಣಿಗಳ ವಂಶಗಳ ಕಾಲವನ್ನು ಎಣಿಸುವವರೂ ಇದನ್ನೇ ಅಳತೆಗೋಲಾಗಿ ಹಿಡಿದರು. ಕೋಲು ತಪ್ಪಿದರೆ ಅಳೆದುದೆಲ್ಲವೂ ತಪ್ಪುವುದಷ್ಟೆ! 2015ರಲ್ಲಿ ಯೂರಿ ಕಿಮುರಾ ಮತ್ತು ಅವರ ಸಂಗಡಿಗರು ಹಲ್ಲುಗಳನ್ನು ಮರಳಿ ಪರೀಕ್ಷಿಸಿ, ಅಲ್ಲಿ ಕಂಡ ಕವಲು ಸುಂಡಿಲಿಗೂ ಆಫ್ರಿಕದ ಹುಲ್ಲಿಲಿಯ ಬಳಗಕ್ಕೂ ಸಂಬಂಧಿಸಿದ್ದೆಂದೂ, ಅದು ಸುಮಾರು 1 ಕೋಟಿ 10 ಲಕ್ಷ ವರ್ಷಗಳಷ್ಟು ಹಳೆಯದೆಂದೂ ತೋರಿಸಿದರು. ಈ ತಿದ್ದುಪಡಿಗೆ ಸಹಿ ಹಾಕಿದವರಲ್ಲಿ ಮೊದಲಿನ ಊಹೆಗೆ ಕಾರಣರಾದ ಜೇಕಬ್ಸರೂ ಒಬ್ಬರು.

ನಮ್ಮ ಬಾಲಿಕೆಯರು ಗಮನಿಸತಕ್ಕ ವಿಷಯವು ಇದೇ. ಎಳ್ಳಿನ ಕಾಳಿಗಿಂತಲೂ ಕಿರಿದಾದ ಹಲ್ಲನ್ನು ತಾಳ್ಮೆಯಿಂದ ಆರಿಸುವುದು ವಿದ್ಯೆ. ತಾನು ಹಿಂದೆ ಹೇಳಿದುದನ್ನು ಅದೇ ಹಲ್ಲಿನ ಸಾಕ್ಷ್ಯದಿಂದ ತಿದ್ದಿಕೊಳ್ಳುವುದು ಅದಕ್ಕಿಂತ ದೊಡ್ಡ ವಿದ್ಯೆ.