ಇಳಿಜಾರಿನ ಜಮೀನು ಮತ್ತು ಥಿಯೋಡೊಲೈಟ್

ಪಹಣಿಯಲ್ಲಿ 2 ಎಕರೆ 14 ಗುಂಟೆ. ನಾವೇ ಟೇಪು ಹಿಡಿದು ಅಳೆದರೆ 2 ಎಕರೆ 20 ಗುಂಟೆ. ದಾಖಲೆಯಲ್ಲಿ ಕಡಿಮೆ ಬರೆದರೇ, ಅಥವಾ ಬೇಲಿಯೇ ಪಕ್ಕದವರ ಜಮೀನಿಗೆ ಸರಿದಿದೆಯೇ? ಸದಸ್ಯ ಬಾಂಧವರು ವಕೀಲರ ಬಳಿ ಹೋಗುವ ಮೊದಲು ಇಳಿಜಾರಿನ ಲೆಕ್ಕ ನೋಡುವುದು ಒಳ್ಳೆಯದು.

ಸರ್ವೆ ನಕ್ಷೆಯಲ್ಲಿ ಗುಡ್ಡವಿಲ್ಲ. ನೆಲವನ್ನು ಮೇಲಿನಿಂದ ನೋಡಿದಂತೆ, ಚಪ್ಪಟೆಯಾಗಿ ಬರೆಯುತ್ತಾರೆ. ಗುಂಟೆಯೆಂದರೆ 33 ಅಡಿ ಚೌಕ; ಇಳಿಜಾರಿನ ಉದ್ದಕ್ಕೆ 330 ಅಡಿ, ಅಡ್ಡಕ್ಕೆ 330 ಅಡಿ ಇದ್ದರೆ ಟೇಪಿನಲ್ಲಿ 100 ಗುಂಟೆ. ಇಳಿಜಾರು 20 ಡಿಗ್ರಿಯಾದರೆ ಆ ಉದ್ದ ಮಟ್ಟದ ಲೆಕ್ಕದಲ್ಲಿ 310 ಅಡಿ ಮಾತ್ರ, ವಿಸ್ತೀರ್ಣ 94 ಗುಂಟೆ. 10 ಡಿಗ್ರಿಗೆ ನೂರಕ್ಕೆ ಒಂದೂವರೆ, 30 ಡಿಗ್ರಿಗೆ ಹದಿಮೂರಕ್ಕೂ ಮಿಕ್ಕಿ ಇಳಿಯುತ್ತದೆ. ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. (ಅಡಿಕೆ ಸಾಲಿಗೆ ಗೂಟ ಹೊಡೆಯುವಾಗಲೂ ಹಗ್ಗವನ್ನು ಮಟ್ಟವಾಗಿಯೇ ಹಿಡಿಯಿರಿ.)

ಈ ಕೋನಗಳನ್ನು ಅಳೆಯುವುದೇ ಥಿಯೋಡೊಲೈಟ್. ಅದರ ದೂರದರ್ಶಕ ಸುತ್ತಲೂ ತಿರುಗುತ್ತದೆ, ಮೇಲೆ ಕೆಳಗೂ ಬಾಗುತ್ತದೆ. ಮಲಗಿದ ಚಕ್ರದಲ್ಲಿ ಎರಡು ಗಡಿಕಲ್ಲುಗಳ ನಡುವಿನ ಕೋನ ಸಿಗುತ್ತದೆ, ನಿಂತ ಚಕ್ರದಲ್ಲಿ ಇಳಿಜಾರು. ಮುಕ್ಕಾಲಿಯನ್ನು ಕಲ್ಲಿನ ಮೇಲೆ ತೂಗುಗುಂಡಿಗೆ ಸರಿಯಾಗಿ ನಿಲ್ಲಿಸಿ, ರಸಮಟ್ಟ ನೋಡಿ, ಆಮೇಲೆ ಗುರಿ ಹಿಡಿಯಬೇಕು. ಒಂದು ಡಿಗ್ರಿ ತಪ್ಪಿದರೆ 330 ಅಡಿ ದೂರದಲ್ಲಿ ಗೆರೆ ಸುಮಾರು 6 ಅಡಿ ಸರಿಯುತ್ತದೆ. ಒಂದು ಸಾಲು ಅರೇಬಿಕಾ ಹೋದಂತೆಯೇ! ಆದ್ದರಿಂದಲೇ ದೂರದರ್ಶಕವನ್ನು ಮಗುಚಿ ಅದೇ ಕಲ್ಲನ್ನು ಮತ್ತೆ ನೋಡಿ ಸರಾಸರಿ ತೆಗೆಯುತ್ತಾರೆ. ಅದನ್ನು ಕಾಲಹರಣವೆಂದು ಗೊಣಗಬಾರದು. ದಿಕ್ಸೂಚಿಯಾದರೆ ತಂತಿಬೇಲಿ, ಸೊಂಟದ ಕತ್ತಿಗೂ ಮುಳ್ಳು ತಿರುಗೀತು. ಥಿಯೋಡೊಲೈಟಿನ ಚಕ್ರಕ್ಕೆ ಆ ಭಯವಿಲ್ಲ.

1802ರಲ್ಲಿ ಮದರಾಸಿನಿಂದ ಮಹಾ ಸರ್ವೆ ಆರಂಭಿಸಿದ ಲ್ಯಾಂಬ್ಟನ್‌ರ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಗುತ್ತಿತ್ತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಜಖಂಗೊಂಡದ್ದನ್ನು ಅವರೇ ಪಟ್ಟುಹಿಡಿದು ಸರಿಪಡಿಸಿದರು. ಈಗಿನ ಟೋಟಲ್ ಸ್ಟೇಷನ್ ಕೋನವನ್ನೂ ದೂರವನ್ನೂ ಒಟ್ಟಿಗೆ ಅಳೆಯುತ್ತದೆ. ಒಬ್ಬರೇ ಹೊತ್ತು ಗುಡ್ಡ ಹತ್ತಬಹುದು. ಉಪಗ್ರಹದ ಸಂಕೇತ ಹಿಡಿದು ಅಳೆಯುವ ಯಂತ್ರಗಳೂ ಬಂದಿವೆ. ಆದರೆ ದಟ್ಟ ಮರದ ನೆರಳಿನಲ್ಲಿ ಅವುಗಳಿಗೆ ಸಂಕೇತ ಸರಿಯಾಗಿ ಸಿಗುವುದಿಲ್ಲ. ನಮ್ಮ ತೋಟಗಳಿಗೆ ಕೋನ ಅಳೆಯುವ ಯಂತ್ರವೇ ವಾಸಿ.

ಅಳತೆಯ ದಿನಕ್ಕೆ ಮುಂಚೆ ಕಲ್ಲಿನಿಂದ ಕಲ್ಲಿಗೆ ನೋಟ ಸಿಗುವಂತೆ ಪೊದೆ ಸವರಿಸಿ, ನೆರೆಯವರನ್ನೂ ಕರೆದಿರಿ. ಅಳತೆ ಮುಗಿದ ಮೇಲೆ ಒಳಕೋನಗಳ ಮೊತ್ತ ಕೇಳಿ: ನಾಲ್ಕು ಮೂಲೆಯ ಜಮೀನಿಗೆ 360 ಡಿಗ್ರಿ, ಐದು ಮೂಲೆಯದಕ್ಕೆ 540 ಬರಬೇಕು. ಡಿಗ್ರಿಗಟ್ಟಲೆ ಹೆಚ್ಚುಕಡಿಮೆಯಾದರೆ, ಸಹಿ ಹಾಕುವ ಮೊದಲೇ ಮತ್ತೊಮ್ಮೆ ಅಳೆಯಲು ವಿನಯದಿಂದ ಕೇಳಿಕೊಳ್ಳಿ.